ಕಂದೀಲಿನ ಹುಡುಗಿಯ ಹೆಸರು

ಶಹಾಬಾದ
12 ಜನವರಿ 1986

ಪ್ರೀತಿಯ ಶಿವಕಾಂತಾ,

ನಿನ್ನ ಕಾರ್ಡು ಬಂದು ತಿಂಗಳಾಯಿತು. ಚಿತ್ತಾಪುರದ ಶಾಲೆಯಲ್ಲಿ ನಿನ್ನ ಪಕ್ಕ ಕೂತು ಕಲಿತ ಅಕ್ಷರ ಇನ್ನೂ ಮರೆತಿಲ್ಲ ಅಂತ ತೋರಿಸಲಿಕ್ಕಾದರೂ ಈ ಸಲ ದೊಡ್ಡ ಕಾಗದವನ್ನೇ ಬರೆಯುತ್ತೇನೆ. ಅದಕ್ಕೆ ತಕ್ಕ ಸುದ್ದಿಯೂ ಇದೆ. ನಮ್ಮ ಮನೆಗೆ ವಿಡಿಯೋ ಬಂದಿದೆ!

ಮೈದುನ ಮಶಾಕ ಕುವೈತಿನಿಂದ ರಜೆಗೆ ಬಂದಿದ್ದಾನೆ. ಅಲ್ಲಿ ಒಂದು ಮನೆಯಲ್ಲಿ ಕಾರು ಓಡಿಸುತ್ತಾನಲ್ಲ, ಆ ಮನೆಯ ಮಕ್ಕಳು ನೋಡಿ ಬಿಟ್ಟ ಕ್ಯಾಸೆಟ್ಟುಗಳನ್ನೂ ಕಟ್ಟಿಕೊಂಡು ಬಂದಿದ್ದಾನೆ. ಸಿನೆಮಾ ಇರಬಹುದು ಅಂತ ಓಣಿಯೆಲ್ಲ ಬಂದು ಕೂತಿತು. ಹಾಕಿ ನೋಡಿದರೆ ಒಂದರಲ್ಲೂ ಮನುಷ್ಯರಿಲ್ಲ. ಎಲ್ಲ ಕೈಯಿಂದ ಬರೆದ ಚಿತ್ರ. ಆದರೆ ಆ ಚಿತ್ರಗಳು ನಡೆಯುತ್ತವೆ, ಉಣ್ಣುತ್ತವೆ, ಮುಖ ಮುಚ್ಚಿಕೊಂಡು ಅಳುತ್ತವೆ. "ಇವು ಜಪಾನಿನವು ಭಾಬಿ. ಚಿತ್ರ ಅವರವು, ಮಾತು ಅರಬರು ಆಮ್ಯಾಲೆ ಕೂಡಿಸ್ಯಾರ" ಅಂದ ಮಶಾಕ. ಏನು ಮಾತಾಡುತ್ತಿದ್ದಾರೆ ಅಂತ ಕೇಳಿದರೆ ತಲೆ ಕೆರೆದುಕೊಂಡ. ಅವನಿಗೆ ಬರುವ ಅರಬ್ಬಿ ಎಂದರೆ 'ಬಲಕ್ಕೆ ತಿರುಗಿಸು', 'ಇಲ್ಲೇ ನಿಲ್ಲಿಸು', ಅಷ್ಟೇ.

ಅರಬ್ಬಿ ಅಂದದ್ದೇ ತಡ, ನಮ್ಮ ಅತ್ತೆ ಹಮೀದಾಬಿ ಎದ್ದು ನಿಂತರು. "ಏ, ಕಾಲು ಮಡಚಿ ಕುಂದ್ರಿ. ತಲಿ ಮ್ಯಾಲ ಸೆರಗು ಹಾಕ್ಕೋರಿ. ಯಾವ ಮಾತಂತ ತಿಳದೀರಿ?" ಎಲ್ಲರೂ ಪ್ರವಚನಕ್ಕೆ ಕೂತ ಹಾಗೆ ಕೂತೆವು. ಅಷ್ಟರಲ್ಲಿ ಒಂದು ಬಾತುಕೋಳಿ ಹಿಟ್ಟಿನ ಬುಟ್ಟಿಗೆ ಬಿದ್ದು ಬೆಳ್ಳಗಾಗಿ ಎದ್ದಿತು. ತಲೆಯ ಮೇಲೆ ಸೆರಗು ಹೊತ್ತುಕೊಂಡೇ ನಕ್ಕೆವು. ಕೊನೆಗೆ ಅತ್ತೆಯೂ ನಕ್ಕರು.

ಕಥೆ ಒಬ್ಬ ಹುಡುಗಿಯದು. ಮುಖದ ಅರ್ಧ ಕಣ್ಣೇ. ಕಂದೀಲು ಹಿಡಿದು ಊರೂರು ಅಲೆಯುತ್ತಾಳೆ, ಹಿಂದೆ ಆ ಬಾತುಕೋಳಿ, ಜೊತೆಗೊಬ್ಬ ಮುದುಕ. ಅವಳೂರಲ್ಲಿ ನೆಲ, ಮರ, ಮನೆ ಎಲ್ಲ ಬೆಳ್ಳಗೆ. "ಅಲ್ಲೂ ಕಲ್ಲಿನ ಕಾರ್ಖಾನಿ ಅದಾವ ಕಾಣ್ತದ, ಎಷ್ಟು ಪುಡಿ ಬಿದ್ದದ ನೋಡು" ಅಂದರು ನಮ್ಮವರು. ಕಲ್ಲು ಪಾಲಿಶ್ ಮಾಡುವವರಿಗೆ ಲೋಕವೆಲ್ಲ ಕಲ್ಲಿನ ಪುಡಿಯೇ. ಅದು ಹಿಮ ಅಂತ ಹೇಳಿದವಳು ನಾನು. ಭೂಗೋಳದಲ್ಲಿ ಓದಿದ್ದೆವಲ್ಲ.

ಆ ಹುಡುಗಿ ಯಾಕೆ ಅಲೆಯುತ್ತಾಳೆ ಅನ್ನುವುದರ ಮೇಲೆ ಜಗಳವೇ ಆಯಿತು. ಗಂಡ ಬಿಟ್ಟಿದ್ದಾನೆ ಅಂದರು ಅತ್ತೆ. ಗಂಡನಿರುವ ವಯಸ್ಸೇ ಅದು? ಆಗ ನಮ್ಮ ಮಗಳು ರಹೀಮಾ ಹೇಳಿದಳು: "ಆಕಿ ಅಣ್ಣ ಹಡಗದಾಗ ಹೋಗ್ಯಾನ. ಆಕಿ ಅವನ್ನ ಹುಡುಕ್ಲಿಕತ್ತಾಳ. ಮುದುಕಗ ಗೊತ್ತದ ಅಂವ ಬರಂಗಿಲ್ಲಂತ, ಅದಕ್ಕ ಆಕಿ ಕಣ್ಣಾಗ ನೋಡಂಗಿಲ್ಲ." ಆಮೇಲೆ ನೋಡಿದರೆ ಅದು ಹಾಗೆಯೇ ಇತ್ತು. ರಹೀಮಾಗೆ ಈಗ ಒಂಬತ್ತು. ನೀನು ನೋಡಿದಾಗ ತೊಟ್ಟಿಲಲ್ಲಿದ್ದಳು. ಬಹಳ ಜಾಣೆಯೇನಲ್ಲ, ಹಿಂದಿ ಸಿನೆಮಾ ಹಾಕಿದರೆ ಅರ್ಧಕ್ಕೇ ಎದ್ದು ಹೋಗುತ್ತಾಳೆ. ಇದನ್ನು ಮಾತ್ರ ಹೇಗೆ ಹಿಡಿದಳೋ!

ಚಿತ್ರದ ಹುಡುಗಿಯ ಹೆಸರು ಸನಾ, ಎಲ್ಲರೂ ಹಾಗೆಯೇ ಕೂಗುತ್ತಾರೆ. ರಹೀಮಾ ಮಾತ್ರ ಹಟದಿಂದ 'ಕಂದೀಲಕ್ಕ' ಅನ್ನುತ್ತಾಳೆ.

ನಿನ್ನ ರಶೀದಾ


ಸುಲೇಪೇಟ
26 ಜನವರಿ 1986

ಪ್ರೀತಿಯ ರಶೀದಾ,

ಧ್ವಜವಂದನೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ನಾಲ್ಕನೆಯ ಇಯತ್ತೆಯವರಿಗೆ ಓದಿ ಹೇಳಿದೆ. ಬಾತುಕೋಳಿಯ ಭಾಗವನ್ನು ಮೂರು ಸಲ ಓದಿಸಿದರು. ಈಗ ನನ್ನನ್ನು ಕಂಡರೆ ಸಾಕು, "ಟೀಚರ್, ಕಂದೀಲಕ್ಕ ಎಲ್ಲಿಗೆ ಹೋದಳ್ರಿ?" ಅನ್ನುತ್ತಾರೆ. ಮಕ್ಕಳು ಕೂಡ ಸನಾ ಅನ್ನುತ್ತಿಲ್ಲ, ರಹೀಮಾ ಇಟ್ಟ ಹೆಸರೇ ಗೆದ್ದಿದೆ.

ನನಗೆ ಕೇಳಬೇಕಾದದ್ದು ಬಹಳ ಇದೆ. ಬರೆದ ಚಿತ್ರ ಹೇಗೆ ನಡೆಯುತ್ತದೆ? ಒಂದು ಹೆಜ್ಜೆಗೆ ಎಷ್ಟು ಚಿತ್ರ ಬೇಕು? ನಮ್ಮೂರಿನ ಹುಡುಗಿಯರಿಗೆ ಇಲ್ಲದ ಅಷ್ಟು ದೊಡ್ಡ ಕಣ್ಣು ಜಪಾನಿನವರಿಗೆ ಇದೆಯೇ? ಅವರು ಏನು ಉಣ್ಣುತ್ತಾರೆ? ಮಶಾಕನನ್ನು ಕೇಳಿ ಬರೆ.

ರಹೀಮಾ ಅರಬ್ಬಿಯನ್ನು ಇಷ್ಟು ಚೆನ್ನಾಗಿ ಕಲಿತಿದ್ದಾಳೆಂದರೆ ಓದಿಸುವ ಉಸ್ತಾದರು ಗಟ್ಟಿಗರಿರಬೇಕು. ನಮ್ಮ ಮಕ್ಕಳಿಗೆ ಹಳೆಗನ್ನಡದ ಒಂದು ಸಾಲು ಹೇಳಿದರೆ ಆಕಳಿಸುತ್ತವೆ. ಅವಳು ಎಷ್ಟನೆಯ ಇಯತ್ತೆ? ಶಾಲೆಯಲ್ಲಿ ಹೇಗಿದ್ದಾಳೆ? ನೀನು ಬರೆಯಲೇ ಇಲ್ಲ.

ನಿನ್ನ ಶಿವಕಾಂತಾ


ಶಹಾಬಾದ
16 ಫೆಬ್ರವರಿ 1986

ಪ್ರೀತಿಯ ಟೀಚರಮ್ಮನವರಿಗೆ,

ಅರಬ್ಬಿಯೂ ಇಲ್ಲ, ಎಂಥದೂ ಇಲ್ಲ! ಉಸ್ತಾದರು ರಹೀಮಾಳ ಮುಂದೆ ಸೋತು ಕೂತಿದ್ದಾರೆ. ಅವಳಿಗೆ ಸ ಮತ್ತು ಶ ಎರಡೂ ಒಂದೇ. ಹಾಗಾದರೆ ಕಥೆ ಹೇಗೆ ತಿಳಿಯುತ್ತದೆ ಅಂತ ನಾನೂ ಕೇಳಿದೆ. "ಮುಖದಾಗೇ ಅದಲ್ಲ ಅಮ್ಮಿ" ಅಂದಳು, ಇದೂ ಗೊತ್ತಿಲ್ಲವೇ ಅನ್ನುವ ಹಾಗೆ.

ಮಶಾಕನಿಗೆ ನಿನ್ನ ಪ್ರಶ್ನೆಗಳನ್ನು ಓದಿ ಹೇಳಿದೆ. ಅನ್ನವನ್ನು ಎರಡು ಕಡ್ಡಿಯಲ್ಲಿ ಎತ್ತಿ ಉಣ್ಣುತ್ತಾರಂತೆ. ಕಣ್ಣಿನ ವಿಷಯ ಅವನಿಗೆ ಗೊತ್ತಿಲ್ಲ, ಅವನು ಕಂಡ ಜಪಾನಿ ಇಂಜಿನಿಯರರ ಕಣ್ಣು ಸಣ್ಣವೇ ಅಂತೆ. ಚಿತ್ರ ನಡೆಯುವುದನ್ನು ತೋರಿಸಲಿಕ್ಕೆ ಯಂತ್ರದ ಒಂದು ಗುಂಡಿ ಒತ್ತಿದ. ಸನಾ ಕಾಲೆತ್ತಿದವಳು ಎತ್ತಿದ ಹಾಗೆಯೇ ನಡುಗುತ್ತಾ ನಿಂತಳು. ರಹೀಮಾಗೆ ಇದೇ ಆಟವಾಗಿದೆ. ನಿಲ್ಲಿಸುವುದು, ಗಾಜಿಗೆ ಮೂಗು ಹಚ್ಚಿ ನೋಡುವುದು. ಒಂದು ಕಳ್ಳತನವನ್ನೂ ಹಿಡಿದಿದ್ದಾಳೆ: ಕಥೆಯ ಜನ ಮಾತಾಡುವಾಗ ಇಡೀ ಚಿತ್ರ ಹಾಗೆಯೇ ಇರುತ್ತದೆ, ಬಾಯಿ ಒಂದೇ ಬದಲಾಗುತ್ತದೆ. "ಸುಳ್ಳು ಬಾಯಿ ಅಮ್ಮಿ. ಸುಮ್ಮ ತೆಗೀತದ, ಮುಚ್ತದ. ಅದರಾಗ ಮಾತಿಲ್ಲ" ಅಂತ ದೊಡ್ಡ ಪರೀಕ್ಷಕಿಯಂತೆ ಹೇಳಿದಳು.

ಕಳೆದ ಭಾನುವಾರ ಮನೆಯವರೆಲ್ಲ ಹೆಪ್ಪುಗಟ್ಟಿದ ನದಿಯ ಭಾಗ ನೋಡಿದರು. ನನಗೆ ಒಂದು ಜಂಪರ್ ಹೊಲಿದು ಕೊಡುವುದಿತ್ತು, ಒಳಗೆ ಮಿಷನ್ ತುಳಿಯುತ್ತಿದ್ದೆ. ರಹೀಮಾ ಬಂದು ಹೇಳಿದಳು. ನದಿ ಕಲ್ಲಿನಂತಾಗಿದೆ, ಸನಾ ಒಬ್ಬಳೇ ದಾಟಲಿಕ್ಕೆ ಹೊರಟಿದ್ದಾಳೆ. ನಡುವೆ ಹೋದವಳು ತಟ್ಟನೆ ನಿಂತು ಹಿಂದಕ್ಕೆ ತಿರುಗಿ ದಡಕ್ಕೆ ಬಂದುಬಿಟ್ಟಳು, ಬಂದ ಮೇಲೆ ಹಿಂದೆ ನದಿ ಒಡೆಯಿತು. ಯಾಕೆ ತಿರುಗಿದಳೇ ಅಂದೆ. "ಕಂದೀಲು ಸಣ್ಣಗಾಯ್ತಲ್ಲ. ಎಣ್ಣಿ ಇಲ್ಲಂತ ನೆನಪಾಯ್ತು ಆಕಿಗಿ." ಒಂದು ಹನಿ ಎಣ್ಣೆ ಜೀವ ಉಳಿಸಿತು ನೋಡು! ನಿನ್ನ ಮಕ್ಕಳಿಗೆ ಈ ಭಾಗ ಹೇಳು.

ಅಥವಾ ನೀನೇ ನೋಡು. ನಮ್ಮವರ ಜೊತೆ ಕೆಲಸ ಮಾಡುವ ಲಾಲಪ್ಪ ಈ ವಾರ ಸುಲೇಪೇಟಕ್ಕೆ ಬರುತ್ತಾನೆ. ಅವನ ಕೈಯಲ್ಲಿ ಅದೇ ಕ್ಯಾಸೆಟ್ಟು ಕಳಿಸುತ್ತೇನೆ. ಮಶಾಕ ಮುಂದಿನ ವಾರ ಹೊರಡುತ್ತಾನೆ, ವಿಡಿಯೋ ಇಲ್ಲಿಯೇ ಬಿಟ್ಟು ಹೋಗುತ್ತಾನಂತೆ.

ನಿನ್ನ ರಶೀದಾ


ಸುಲೇಪೇಟ
9 ಮಾರ್ಚ್ 1986

ಪ್ರೀತಿಯ ರಶೀದಾ,

ಕ್ಯಾಸೆಟ್ಟು ಮುಟ್ಟಿತು. ಅರಿವೆ ಅಂಗಡಿಯ ಗುರುಲಿಂಗಯ್ಯನವರ ಮನೆಯಲ್ಲಿ ವಿಡಿಯೋ ಇದೆ. ಅವರ ಮನೆಯವರು ಭಾನುವಾರ ಬರ್ರಿ ಅಂದರು. ಹಪ್ಪಳ ಒತ್ತುತ್ತಾ ಎಲ್ಲರೂ ನೋಡಿದೆವು.

ಏನು ಚಂದ ರಶೀದಾ! ಹಿಮ ಬೀಳುವುದನ್ನು ನೋಡಿ ನನಗೇ ಚಳಿಯಾಯಿತು. ಸನಾ ಬಿಸಿ ಗಂಜಿಯ ಬಟ್ಟಲನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳಲ್ಲ, ಅದನ್ನು ಬರೆದವನು ಯಾವುದೋ ಚಳಿಗಾಲದಲ್ಲಿ ತಾನೂ ಹಾಗೆ ಮಾಡಿರಬೇಕು. ಎಲ್ಲೋ ಕೂತು ಯಾರೋ ಬರೆದ ಕೆನ್ನೆ ನಮ್ಮ ಸುಲೇಪೇಟದಲ್ಲಿ ಬೆಚ್ಚಗಾಯಿತು. ಆದರೆ ಕಥೆ ನನಗೆ ಸರಿಯಾಗಿ ಹತ್ತಲಿಲ್ಲ, ನಿಜ ಹೇಳುತ್ತೇನೆ. ನಿನ್ನ ಕಾಗದ ಇಲ್ಲದಿದ್ದರೆ ಆ ಮುದುಕ ಕಳ್ಳ ಅಂತಲೇ ತಿಳಿಯುತ್ತಿದ್ದೆ.

ಈಗ ನದಿಯ ಮಾತು. ಸನಾ ತಿರುಗಿದ್ದು ಎಣ್ಣೆಗಾಗಿ ಅಲ್ಲ. ಹಿಂದಿನಿಂದ ಗಂಟೆಯ ಸದ್ದು ಬರುತ್ತದೆ. ಮುದುಕ ದಡದಲ್ಲಿ ಗಂಟೆ ಹೊಡೆದು ಕರೆಯುತ್ತಿದ್ದಾನೆ. ಆಗ ಅವನು ಚಿತ್ರದಲ್ಲಿ ಕಾಣುವುದಿಲ್ಲ, ಸದ್ದು ಮಾತ್ರ. ಹಪ್ಪಳ ಒತ್ತುತ್ತಿದ್ದವರೂ ತಲೆಯೆತ್ತಿ ನೋಡಿದರು, ಅಷ್ಟು ಜೋರು.

ರಹೀಮಾ ಇದನ್ನು ಯಾಕೆ ಹೇಳಲಿಲ್ಲ ಅಂತ ಯೋಚಿಸಿದೆ. ಆಮೇಲೆ ಗುರುಲಿಂಗಯ್ಯನವರ ಮಗಳಿಗೆ ಹೇಳಿ ಟಿ.ವಿ.ಯ ಧ್ವನಿಯನ್ನು ಪೂರ್ತಿ ಇಳಿಸಿ, ಅದೇ ಭಾಗವನ್ನು ಮತ್ತೊಮ್ಮೆ ಹಾಕಿಸಿದೆ. ಕಂದೀಲಿನ ಬೆಳಕು ಸಣ್ಣಗಾಗುತ್ತದೆ. ಸನಾ ನಿಲ್ಲುತ್ತಾಳೆ. ಕಣ್ಣು ಹೊರಳಿಸುತ್ತಾಳೆ, ತಿರುಗುತ್ತಾಳೆ. ಧ್ವನಿ ಇಲ್ಲದೆ ನೋಡಿದರೆ ರಹೀಮಾ ಹೇಳಿದ ಕಥೆಯೇ ಸರಿ.

ಮತ್ತೆ ಆ ಹೆಸರು. ಒಂದು ಕ್ಯಾಸೆಟ್ಟಿನಲ್ಲಿ ಎಲ್ಲರೂ ಎಷ್ಟು ಸಲ ಸನಾ, ಸನಾ ಅಂತ ಕೂಗುತ್ತಾರೆ! ಗುರುಲಿಂಗಯ್ಯನವರ ಮೊಮ್ಮಗ ಎರಡು ವರ್ಷದವನು, ಅವನೂ ಸನಾ ಅನ್ನಲಿಕ್ಕೆ ಹತ್ತಿದ. ರಹೀಮಾಗೆ ಅದು ಹಟವಲ್ಲವೇನೋ. ಆ ಹೆಸರು ಅವಳಿಗೆ ಮುಟ್ಟಿಯೇ ಇಲ್ಲವೇನೋ.

ನನ್ನ ಮೇಲೆ ಸಿಟ್ಟಾಗಬೇಡ. ಒಮ್ಮೆ ಅವಳ ಹಿಂದೆ ನಿಂತು, ಮುಖ ಕಾಣದ ಹಾಗೆ, ಮೆಲ್ಲಗೆ ಕರೆದು ನೋಡು. ಕಲಬುರ್ಗಿಯ ದವಾಖಾನೆಯಲ್ಲಿ ಕಿವಿಯ ಡಾಕ್ಟರರಿದ್ದಾರೆ.

ನಿನ್ನ ಶಿವಕಾಂತಾ


ಶಹಾಬಾದ
14 ಮಾರ್ಚ್ 1986

ಶಿವಕಾಂತಮ್ಮನವರಿಗೆ,

ನನ್ನ ಮಗಳು ಕಿವುಡಿ ಅಲ್ಲ. ಕಿವುಡರು ಮಾತಾಡುವುದಿಲ್ಲ. ನನ್ನ ಮಗಳು ದಿನವಿಡೀ ಮಾತಾಡುತ್ತಾಳೆ, ಕಥೆ ಹೇಳುತ್ತಾಳೆ. ಆ ಕಥೆಯನ್ನೇ ನಿಮ್ಮ ಶಾಲೆಯಲ್ಲಿ ಓದಿ ಮೆರೆದಿರಿ.

ಇಲ್ಲಿಯ ಶಾಲೆಯವರು ಅವಳನ್ನು ದಡ್ಡಿ ಅಂದರು. ಕರೆದರೆ ಓ ಅನ್ನುವುದಿಲ್ಲ, ಸೊಕ್ಕು ಅಂದರು. ಎರಡನೆಯ ಇಯತ್ತೆಯಲ್ಲೇ ಎರಡು ವರ್ಷ ಕೂಡಿಸಿದರು. ದೀಪಾವಳಿ ಸೂಟಿಯ ಮೇಲೆ ನಾನೇ ಬಿಡಿಸಿದೆ. ಈಗ ಮನೆಯಲ್ಲಿ ಗುಂಡಿ ಹಚ್ಚುತ್ತಾಳೆ, ಕೈ ಚಲೋ ಇದೆ. ನಿಮಗೆ ಬರೆಯಲಿಲ್ಲ, ಟೀಚರಿಗೆ ಏನು ಬರೆಯುವುದು ಅಂತ. ಒಬ್ಬರು ದಡ್ಡಿ ಅಂದರು, ಈಗ ನೀವು ಕಿವುಡಿ ಅಂದಿರಿ. ಒಂದು ಮಗುವಿಗೆ ಎಷ್ಟು ಹೆಸರು ಇಡುತ್ತೀರಿ?

ಕ್ಯಾಸೆಟ್ಟು ಲಾಲಪ್ಪನ ಕೈಯಲ್ಲಿ ಕಳಿಸಿರಿ.

ರಶೀದಾಬೇಗಂ


ಸುಲೇಪೇಟ
20 ಏಪ್ರಿಲ್ 1986

ರಶೀದಾ,

ಕ್ಯಾಸೆಟ್ಟು ಲಾಲಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಜೊತೆಗೆ ಒಂದು ಸಣ್ಣ ಕಾಗದದ ಕಟ್ಟು ಇದೆ, ಅದು ರಹೀಮಾಗೆ. ನಮ್ಮ ಮಕ್ಕಳು ಹಾಳೆ ಹಾಳೆಗೂ ಬಾತುಕೋಳಿ ಬರೆದಿದ್ದಾರೆ. ಹೆಬ್ಬೆರಳಿನಿಂದ ಜಾರಿಸಿದರೆ ಅದು ಓಡುತ್ತದೆ, ಕೊನೆಗೆ ಬೀಳುತ್ತದೆ. ಬಿದ್ದ ಮೇಲೆ ಏನಾಯಿತು ಅಂತ ಬರೆಯಲು ಯಾರಿಗೂ ತಿಳಿಯಲಿಲ್ಲ. ಕೊನೆಯ ಹಾಳೆಗಳು ಖಾಲಿ ಇವೆ.

ನನಗೆ ಉತ್ತರ ಬರೆಯಲೇಬೇಕೆಂದೇನೂ ಇಲ್ಲ.

ಶಿವಕಾಂತಾ


ಶಹಾಬಾದ
29 ಜೂನ್ 1986

ಶಿವಕಾಂತಾ,

ಎಷ್ಟೋ ಸಲ ಬರೆಯಲಿಕ್ಕೆ ಕೂತೆ, ಎದ್ದೆ. ರಂಜಾನ್ ಬಂತು, ಹೋಯಿತು. ಇವತ್ತು ಬರೆದೇ ಏಳುತ್ತೇನೆ.

ನೀನು ಹೇಳಿದ ಪರೀಕ್ಷೆಯನ್ನು ಸಿಟ್ಟಿನಿಂದಲೇ ಮಾಡಿದೆ, ನಿನ್ನ ಮಾತು ಸುಳ್ಳಾಗಲಿ ಅಂತ. ರಹೀಮಾ ನಿನ್ನ ಕಾಗದದ ಕಟ್ಟು ಹಿಡಿದು ಹೊಸ್ತಿಲ ಮೇಲೆ ಕೂತಿದ್ದಳು. ಖಾಲಿ ಹಾಳೆಯಲ್ಲಿ ಬಾತುಕೋಳಿಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದಳು. ಹಿಂದೆ ನಿಂತು ತಾಟನ್ನು ನೆಲಕ್ಕೆ ಬಿಟ್ಟೆ. ಹೊರಳಿ ನೋಡಿದಳು! ನನಗೆ ಎಷ್ಟು ಖುಷಿಯಾಯಿತೆಂದರೆ ನಿನಗೆ ಬಯ್ದು ಬರೆಯಲು ಮನಸ್ಸಿನಲ್ಲೇ ಸಾಲು ಜೋಡಿಸಿದೆ. ಮತ್ತೆ ಮೆಲ್ಲಗೆ ಕರೆದೆ, "ರಹೀಮಾ." ಇಲ್ಲ. "ರಹೀಮಾ, ಖೀರು ಮಾಡೀನಿ." ಖೀರು ಅಂದರೆ ನಿದ್ದೆಯಲ್ಲೂ ಏಳುವ ಹುಡುಗಿ. ಪೆನ್ಸಿಲ್ಲು ನಿಲ್ಲಲೇ ಇಲ್ಲ.

ಮುಂದೆ ಬಂದು ಕೂತೆ. ಕೈಯಿಂದ ಬಾಯಿ ಮುಚ್ಚಿಕೊಂಡು, ಏನು ಬರೆಯಾಕತ್ತಿ ಅಂದೆ. ನನ್ನ ಕೈ ಹಿಡಿದು ಎಳೆದಳು. "ಕೈ ತೆಗಿ ಅಮ್ಮಿ. ಕೈ ಇಟ್ರ ಮಾತು ಕಾಣಂಗಿಲ್ಲ."

ಮಾತು ಕಾಣುವುದಿಲ್ಲ ಅಂದಳು, ಶಿವಕಾಂತಾ. ಹೆತ್ತವಳು ನಾನು, ಮಾತು ಕಾಣುವ ವಸ್ತು ಅಂತ ನನ್ನ ಮಗಳು ತಿಳಿದಿದ್ದಾಳೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಸೋರಿತ್ತು. ನಿಂತಿತಲ್ಲ ಅಂತ ಮರೆತಿದ್ದೆವು. ಹಿಂದಿ ಸಿನೆಮಾ ಬಿಟ್ಟು ಯಾಕೆ ಏಳುತ್ತಿದ್ದಳೆಂದು ಈಗ ತಿಳಿಯುತ್ತದೆ. ಅರಬ್ಬಿಯ ಮುಂದೆ ನಾವೆಲ್ಲರೂ ಅವಳ ಹಾಗೆಯೇ ಕೂತಿದ್ದೆವು, ಅಷ್ಟೇ. ನಮಗೆ ರೂಢಿ ಇರಲಿಲ್ಲ, ಅವಳಿಗೆ ಇತ್ತು.

ಮನೆಯಲ್ಲಿ ಹೇಳಿದೆ. ಅತ್ತೆ ಬೇಡವೇ ಬೇಡ ಅಂದರು. "ಕಿವುಡಿ ಅಂತ ಹೆಸರು ಬಿದ್ರ ನಾಳೆ ಲಗ್ನಕ್ಕ ಯಾರು ಬರ್ತಾರ? ಹಿಂಗೇ ನಡೀಲಿ, ಯಾರಿಗೂ ಗೊತ್ತಾಗಂಗಿಲ್ಲ." ನಮ್ಮವರು ಕೈಗೆ ಹತ್ತಿದ ಕಲ್ಲಿನ ಪುಡಿ ತೊಳೆದುಕೊಂಡು ಬಂದು ಕೂತರು. ಆಮೇಲೆ ಅಂದರು: "ಕಾರ್ಖಾನ್ಯಾಗ ಮಿಷನ್ ಶುರು ಆದ್ರ ಒಬ್ಬರದು ಒಬ್ಬರಿಗೆ ಕೇಳಂಗಿಲ್ಲ. ಬಾಯಿ ನೋಡೇ ಮಾತಾಡ್ತೀವಿ ನಾವು. ದಿನಾ ಅದೇ ಮಾಡಾಂವ ನಾ, ಮಗಳು ಮಾಡೋದು ನನಗ ಕಾಣಲಿಲ್ಲ ನೋಡು. ನಾಳಿಗೇ ಹೋಗೂಣು."

ನಾಳೆಗೆ ಆಗುವುದಿಲ್ಲ, 8ನೆಯ ತಾರೀಖು ಮಂಗಳವಾರ ಅವರಿಗೆ ರಜೆ ಇದೆ. ಡಾಕ್ಟರರು ಹೇಳುವುದು ನನಗೆ ತಿಳಿಯದಿದ್ದರೆ? ನೀನು ಕಲಬುರ್ಗಿಗೆ ಬರುತ್ತೀಯಾ? ನಾನು ಬರೆದದ್ದಕ್ಕೆಲ್ಲ ಮುಖ ನೋಡಿ ಬಯ್ಯುವೆಯಂತೆ.

ರಶೀದಾ


ಸುಲೇಪೇಟ
3 ಜುಲೈ 1986

ಪ್ರೀತಿಯ ರಶೀದಾ,

ರಜೆ ಬರೆದು ಕೊಟ್ಟಿದ್ದೇನೆ. ಮಂಗಳವಾರ ಮುಂಜಾನೆಯ ಬಸ್ಸಿಗೆ ಹೊರಟು ಬಂದು ದವಾಖಾನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಬಯ್ಯಲು ಪುರುಸೊತ್ತಿಲ್ಲ. ಬಾತುಕೋಳಿ ಎದ್ದು ನಿಂತ ಮೇಲೆ ಎಲ್ಲಿಗೆ ಹೋಯಿತೆಂದು ನಾಲ್ಕನೆಯ ಇಯತ್ತೆಯವರು ಕಾಯುತ್ತಿದ್ದಾರೆ, ಕಟ್ಟು ಮರೆಯದೆ ತಾ.

ನಿನ್ನ ಶಿವಕಾಂತಾ


ಶಹಾಬಾದ
24 ಆಗಸ್ಟ್ 1986

ಪ್ರೀತಿಯ ಶಿವಕಾಂತಾ,

ಕಲಬುರ್ಗಿಯ ಡಾಕ್ಟರರು ಹೇಳಿದಂತೆ ಹೈದರಾಬಾದಿಗೆ ಹೋಗಿ ಬಂದೆವು. ಮಶಾಕ ಕುವೈತಿನಿಂದ ಹಣ ಕಳಿಸಿದ. ಕೇಳುವ ಯಂತ್ರ ಕೊಟ್ಟಿದ್ದಾರೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅದರಿಂದ ಒಂದು ತಂತಿ ಕಿವಿಗೆ. ಡಬ್ಬಿ ಇಡಲು ಫ್ರಾಕಿನ ಎದೆಗೆ ಕಿಸೆ ಹೊಲಿದಿದ್ದೇನೆ. ಪೂರ್ತಿ ಕೇಳುವುದಿಲ್ಲ, ಒಂದೇ ಕಿವಿಗೆ ಮಾತನ್ನು ಸ್ವಲ್ಪ ಹತ್ತಿರ ತರುತ್ತದೆ ಅಂದರು. ಈಗ ಕೇಳುವಷ್ಟಾದರೂ ಕಡಿಮೆಯಾಗದ ಹಾಗೆ ಔಷಧ ಕೊಟ್ಟಿದ್ದಾರೆ. ಮಾತು ತಿದ್ದಿಸಬೇಕು, ಮುಂದಿನ ಸಾಲಿನಲ್ಲಿ ಕೂಡಿಸಬೇಕು ಅಂತ ಶಾಲೆಗೆ ಚೀಟಿಯನ್ನೂ ಬರೆದುಕೊಟ್ಟರು. ನಾಡಿದ್ದಿನಿಂದ ಮತ್ತೆ ಶಾಲೆಗೆ ಹೋಗುತ್ತಾಳೆ. ಹೆದರಿದ್ದಾಳೆ. ನಾನೂ ಹೆದರಿದ್ದೇನೆ.

ಮನೆಗೆ ಬಂದ ಮರುದಿನ ಕ್ಯಾಸೆಟ್ಟು ಹಾಕಿದೆವು. ಓಣಿಯೆಲ್ಲ ಬಂದಿತ್ತು, ಈಗೇನು ಹೇಳುತ್ತಾಳೋ ಅಂತ. ರಹೀಮಾ ಟಿ.ವಿ.ಯ ಹತ್ತಿರವೇ ಕೂತು ಕೇಳಿದಳು. ಮುಖ ಸಣ್ಣದಾಯಿತು. "ಇದೇನಿದು, ಒಂದೂ ತಿಳಿವಲ್ದು! ಕಂದೀಲಕ್ಕಗ ಸನಾ ಅಂತ ಯಾಕ ಕರೀತಾರ?" ಅಂದಳು. ಅರಬ್ಬಿ ನಮಗೂ ತಿಳಿಯುವುದಿಲ್ಲ ಬಿಡು ಅಂದೆ. ಅವಳು ಬೆರಗಾಗಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಅವಳು ಅಷ್ಟು ದಿನವೂ, ನಮಗೆ ಎಲ್ಲ ತಿಳಿಯುತ್ತದೆ, ತನ್ನ ಪರೀಕ್ಷೆ ಮಾಡಲಿಕ್ಕೆ ಕೇಳುತ್ತೇವೆ ಅಂದುಕೊಂಡಿದ್ದಳಂತೆ. ಅತ್ತೆ ಅವಳನ್ನು ತೊಡೆಯ ಮೇಲೆ ಎಳೆದುಕೊಂಡು, "ನಮಗೇನೂ ತಿಳಿಯಂಗಿಲ್ಲವ್ವ, ನೀನೇ ಹೇಳು" ಅಂದರು.

ಇದಕ್ಕಿಂತ ಮೊದಲು ನಡೆದ ಒಂದು ಸಂಗತಿ ಇದೆ. ಇವರಿಗೂ ಹೇಳಿಲ್ಲ, ನಿನಗೆ ಬರೆಯುತ್ತೇನೆ.

ಹೈದರಾಬಾದಿನಿಂದ ಬರುವಾಗ ವಾಡಿಯಲ್ಲಿ ಇಳಿದು ನಮ್ಮ ಗಾಡಿಗೆ ಕಾಯುತ್ತಿದ್ದೆವು. ನಮ್ಮವರು ನೀರು ತರಲು ಹೋಗಿದ್ದರು. ನಾನು ರಹೀಮಾಳನ್ನು ಚಹಾ ಕುಡೀತೀಯೇನು ಅಂತ ಕೇಳಿದೆ. ಅವಳು ಎರಡೂ ಕೈಯಿಂದ ಎದೆಯ ಮೇಲಿನ ಡಬ್ಬಿ ಮುಚ್ಚಿಕೊಂಡಳು.

"ಅಮ್ಮಿ, ಸಿಟ್ಟು ಬಂದದೇನು?"

"ಇಲ್ಲಲ್ಲ. ಯಾಕ?"

"ಮತ್ತ ಯಾಕ ಹಿಂಗ ಒದರ್ತಿ?"

ನಾನು ಒದರುತ್ತಿದ್ದೆನೆಂದು ನನಗೇ ತಿಳಿದಿರಲಿಲ್ಲ. ಇಷ್ಟು ವರ್ಷ ಓ ಅನ್ನದವಳಿಗೆ ಕೂಗಿ ಕೂಗಿ ನನ್ನ ಗಂಟಲೇ ಹಾಗಾಗಿದೆ. ಅವಳು ಅಂದಳು, "ನಿನ್ನ ಮುಖ ಯಾವಾಗ್ಲೂ ಹಿಂಗೇ ಇರ್ತದಲ್ಲ. ನನ್ನ ಮ್ಯಾಲ ಸಿಟ್ಟು ಅದ ಅಂದ್ಕೊಂಡಿದ್ದೆ."

ಕೂಗುವವರ ಮುಖ ಹೇಗಿರುತ್ತದೆ ಅಂತ ನಾನು ಎಂದಾದರೂ ಕನ್ನಡಿ ನೋಡಿದ್ದೆನೇ, ಶಿವಕಾಂತಾ? ಜಪಾನಿನವರು ಬರೆದ ಮುಖವನ್ನು ಬಿಡಿಸಿ ಓದುವ ಮಗಳು ನನ್ನ ಮುಖವನ್ನೂ ಓದಿಕೊಂಡೇ ಬೆಳೆದಿದ್ದಾಳೆ.

ಧ್ವನಿ ಇಳಿಸಿದೆ. "ಈಗ?" ಅಂದೆ.

"ಇನ್ನಾ ಸಣ್ಣಗ."

ಮತ್ತೂ ಇಳಿಸಿದೆ. ಅಷ್ಟು ಮೆಲ್ಲಗೆ ಮಗಳ ಜೊತೆ ಏನು ಮಾತಾಡುವುದು ಅಂತಲೇ ತಿಳಿಯಲಿಲ್ಲ. ದೂರದ ಹಳಿಯ ಮೇಲೆ ಒಂದು ಇಂಜಿನ್ನು ಸುಮ್ಮನೆ ಹಿಂದೆ ಮುಂದೆ ಓಡಾಡುತ್ತಿತ್ತು. ರಹೀಮಾ ನನಗೆ ಬೆನ್ನು ಮಾಡಿ ಅದನ್ನೇ ನೋಡುತ್ತಾ ನಿಂತಳು. ಬೇರೇನೂ ಹೊಳೆಯದೆ ಮೊದಲಿನ ಪ್ರಶ್ನೆಯನ್ನೇ ಕೇಳಿದೆ, ಅವಳು ಹೇಳಿದಷ್ಟೇ ಸಣ್ಣಗೆ: "ಚಹಾ ಕುಡೀತೀಯೇನು?"

ಅವಳು ತಿರುಗಲಿಲ್ಲ. ಇಂಜಿನ್ನಿನ ಕಡೆಗೇ ನೋಡುತ್ತಾ ಅಂದಳು, "ಹ್ಞೂಂ. ಬಿಸ್ಕೀಟ್ ಸುದ್ದಾ."

ನಿನ್ನ ರಶೀದಾ